ಮಕ್ಕಳೇ ಮಾಡಿದ ಪಾಳಿ ಪಟ್ಟಿ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಹೆಡ್‌ಮಾಸ್ತರ್ ಬಿರಾದಾರ ಸರ್ ಅವರ ಮೀಸೆ ಆಗಲೇ ಬೆಳ್ಳಗಾಗಿತ್ತೇ, ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೇ ಅಥವಾ ನಲವತ್ತೆರಡೇ, ನಾನು ಆ ಗುರುವಾರ ಊಟದ ಸಾಲಿನಲ್ಲಿ ನಿಂತಿದ್ದೆನೇ ಅಥವಾ ಆಫೀಸಿನಲ್ಲಿ ಚಹಾ ಕುಡಿಯುತ್ತಿದ್ದೆನೇ, ಇವು ಯಾವುದಕ್ಕೂ ನಾನು ಆಣೆ ಮಾಡಲಾರೆ. ಡೈರಿ ಬರೆಯುವ ಚಟವಿತ್ತು, ಈಗಲೂ ಇದೆ. ಆದರೆ ಡೈರಿಯನ್ನು ಬರೆದವಳೂ ನಾನೇ ಅಲ್ಲವೇ? ನೆನಪು ನನ್ನನ್ನು ಬಹಳ ಒಳ್ಳೆಯವಳೆಂದು ತೋರಿಸುತ್ತದೆ, ಡೈರಿ ಅದಕ್ಕಿಂತ ತುಸು ಕಡಿಮೆ ಒಳ್ಳೆಯವಳೆಂದು ತೋರಿಸುತ್ತದೆ. ಎರಡೂ ಜಗಳಕ್ಕೆ ನಿಂತ ಕಡೆಯಲ್ಲೆಲ್ಲ ನಾನು ಡೈರಿಯ ಪಕ್ಷ ವಹಿಸಿದ್ದೇನೆ.

ಬರೆಯಲು ಕಾರಣ ನನ್ನ ಅಕ್ಕನ ಮಗಳು ವಿಜಯಲಕ್ಷ್ಮಿ. ನಮಗೆಲ್ಲ ವಿಜ್ಜಿ. ಈ ವರ್ಷ ಅವಳಿಗೆ ಮುದ್ದೇಬಿಹಾಳ ತಾಲೂಕಿನಲ್ಲಿ, ತಂಗಡಗಿಯಿಂದ ಇನ್ನೂ ಒಂದಿಷ್ಟು ಆಚೆ, ಶಿಕ್ಷಕಿಯ ಕೆಲಸ ಸಿಕ್ಕಿತು. ಸೇರಿದ ಮೊದಲ ವಾರವೇ ಫೋನು ಮಾಡಿದಳು.

"ಚಿಗವ್ವ, ಒಂದ ಖೋಲ್ಯಾಗ ಐವತ್ತು ಹುಡುಗೂರು ಅದಾವು. ಬಡಿಯೂದು ಕಾಯ್ದೆ ಪ್ರಕಾರ ಬಂದ್. ಬಡೀಲಿಲ್ಲ ಅಂದ್ರ ನನ್ನ ಮಾತು ಅವಕ್ಕ ಕೇಳಿಸೂದ ಇಲ್ಲ. ನೀ ಯಾರಿಗೂ ಬಡೀತಿದ್ದಿಲ್ಲ. ಎಲ್ಲಾರೂ ಹೊಣಿ ಅಂತ ಒಂದು ಪದ್ಧತಿ ಮಾಡಿದ್ದಿ ನೋಡು, ಅದನ್ನ ಬರದು ಕಳಸು."

"ನೀನೂ ಅದ ಕ್ಲಾಸಿನಾಗ ಇದ್ದಿ. ನಿನಗ ಗೊತ್ತಿಲ್ಲೇನು?"

"ನಾ ಬರೇ ಕುಂತಾಕಿ. ನಡಸಿದಾಕಿ ನೀ. ಬರಿ ಸುಮ್ಮನ."

ಹಾಗಾಗಿ ಬರೆಯುತ್ತಿದ್ದೇನೆ. ಬಡ್ತಿ, ವೇತನ ಶ್ರೇಣಿ, ಬೀಳ್ಕೊಡುಗೆಯ ಶಾಲು, ಅವನ್ನೆಲ್ಲ ಬಿಟ್ಟಿದ್ದೇನೆ. ಅವನ್ನು ಓದಿ ಯಾರೂ ಒಳ್ಳೆಯ ಟೀಚರ್ ಆದದ್ದು ನಾನು ಕಂಡಿಲ್ಲ.

ಮೊದಲು ಒಂದು ತಿದ್ದುಪಡಿ. ನಾನು ಬಡಿಯುತ್ತಿರಲಿಲ್ಲ ಎಂಬುದು ಸುಳ್ಳು. ಧಾರವಾಡದಲ್ಲಿ ಎಂ.ಎ. ಓದಿ, ಶಿಕ್ಷಣದ ತತ್ವಗಳ ಮೇಲೆ ಇಪ್ಪತ್ತು ಪುಟದ ಪ್ರಬಂಧ ಬರೆದು, ಸಿಂದಗಿ ತಾಲೂಕಿನ ಮೊದಲ ಶಾಲೆಗೆ ಹೋದವಳು ಹದಿನೈದೇ ದಿನದಲ್ಲಿ ಕೈಯಲ್ಲಿ ಬರಲು, ಅಂದರೆ ಬಡಿಯುವ ಹಸಿ ಕೋಲು, ಹಿಡಿದೆ. ಅಲ್ಲಿ ಒಂದು ಚಂದದ ಪದ್ಧತಿಯಿತ್ತು. ಏಟು ತಿನ್ನಬೇಕಾದ ಮಗುವೇ ಹಳ್ಳದ ದಂಡೆಗೆ ಹೋಗಿ ಲೆಕ್ಕಿ ಗಿಡದ ಬರಲು ಮುರಿದುಕೊಂಡು ಬರಬೇಕು. ಸಪೂರ ಬರಲು ತಂದರೆ ಹೊಳ್ಳಿ ಕಳಿಸುವುದು. ಮಕ್ಕಳು ಬಲು ಜಾಣರು, ಒಳಗೆ ಹುಳ ತಿಂದು ಟೊಳ್ಳಾದ ಬರಲನ್ನು ಹುಡುಕಿ ತರುತ್ತಿದ್ದರು. ಅದು ಮೊದಲ ಏಟಿಗೇ ಎರಡು ತುಂಡಾಗುತ್ತಿತ್ತು. ಇಡೀ ತರಗತಿ ನಗುತ್ತಿತ್ತು. ನಾನು ಸಿಟ್ಟಿಗೆದ್ದು ನಕ್ಕವರನ್ನೆಲ್ಲ ಬಡಿಯುತ್ತಿದ್ದೆ. ಗದ್ದಲ ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಹಿಂದಿನ ಸಾಲಿಗೇ ತಲಾ ಎರಡು ಬಾರಿಸುತ್ತಿದ್ದೆ. ಎಲ್ಲರೂ ಹೊಣೆ ಎಂಬ ಪದ್ಧತಿಯನ್ನು ನಾನು ಆಗಲೇ ಜಾರಿಗೆ ತಂದಿದ್ದೆ. ಅದಕ್ಕೆ ದೊಡ್ಡ ಹೆಸರು ಇರಲಿಲ್ಲ, ಅಷ್ಟೇ.

ಹೆಸರು ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಬಸವನ ಬಾಗೇವಾಡಿಯಲ್ಲಿ ನಡೆದ ನಾಲ್ಕು ದಿನದ ತರಬೇತಿಯಲ್ಲಿ. ಅಲ್ಲಿಗೆ ಬಂದ ತಜ್ಞರು ಬಹಳ ಒಳ್ಳೆಯವರು. ತರಗತಿಯ ಶಿಸ್ತು ಶಿಕ್ಷಕರ ಕೈಯಲ್ಲಿರುವ ವಸ್ತುವಲ್ಲ, ಅದು ಎಲ್ಲರೂ ಸೇರಿ ಹೊರಬೇಕಾದ ಹೊಣೆ, ನಿಯಮಗಳನ್ನು ಮಕ್ಕಳೇ ಮಾಡಲಿ, ಮುರಿದಾಗ ಏನಾಗಬೇಕೆಂದು ಮಕ್ಕಳೇ ಹೇಳಲಿ, ಶಿಕ್ಷಕರೂ ಆ ನಿಯಮಗಳಿಗೆ ಒಳಪಡಲಿ ಎಂದರು. ಈಗಲೂ ಇದರಲ್ಲಿ ಒಂದು ಮಾತೂ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಮೊದಲು ನಾವು ಅರವತ್ತು ಮಂದಿ ಶಿಕ್ಷಕರು ನಮಗಾಗಿ ನಿಯಮ ಮಾಡಿಕೊಂಡೆವು. ಸಮಯಕ್ಕೆ ಸರಿಯಾಗಿ ಬರುವುದು, ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡದಿರುವುದು. ಎರಡನ್ನೂ ಹನ್ನೊಂದೂವರೆಯ ಚಹಾಕ್ಕೆ ಹೋಗಿ ಬರುವುದರೊಳಗೆ ಮುರಿದೆವು. ಮೂರನೆಯ ದಿನ ಆ ತಜ್ಞರು ಮೇಜು ಗುದ್ದಿ, "ಏನ್ರೀ ಇದು ದನದ ಸಂತಿ, ಬಾಯಿ ಮುಚ್ರಿ!" ಎಂದು ಕೂಗಿದರು. ಆಮೇಲೆ ಸದ್ದಿಲ್ಲದ ಆ ಹಾಲಿನಲ್ಲಿ ಹಂಚಿಕೊಂಡ ಹೊಣೆಯ ಬಗ್ಗೆ ಒಂದು ತಾಸು ಮಾತಾಡಿದರು.

ನಾನು ನಗುತ್ತಲೇ ಬರೆದುಕೊಂಡೆ. ಆದರೆ ಮಾತು ಮನಸ್ಸಿಗೆ ಹಿಡಿಸಿತ್ತು. ಆ ಜೂನ್ ತಿಂಗಳಲ್ಲಿ ನನಗೆ ಇಂಡಿ ತಾಲೂಕಿನ ಒಂದು ಊರಿಗೆ ವರ್ಗವಾಯಿತು. ಊರಿನ ಹೆಸರು ಬೇಡ, ಅಲ್ಲಿಯವರು ಈಗಲೂ ನನ್ನನ್ನು ಮಾತಾಡಿಸುತ್ತಾರೆ. ನನ್ನ ಅಕ್ಕನನ್ನು ಕೊಟ್ಟ ಊರು ಅದು. ಹಾಗಾಗಿ ನನಗೆ ಸಿಕ್ಕ ಏಳನೆಯ ತರಗತಿಯ ಮೊದಲ ಸಾಲಿನಲ್ಲಿ ವಿಜ್ಜಿ ಕೂತಿದ್ದಳು. ಮನೆಯಲ್ಲಿ "ಚಿಗವ್ವ, ನೀ" ಎನ್ನುವವಳು ಶಾಲೆಯ ಗೇಟು ದಾಟಿದ ಕೂಡಲೇ "ಟೀಚರ್ರಿ, ನೀವು" ಎನ್ನುತ್ತಿದ್ದಳು. ಅಕ್ಷರ ಮುದ್ದಾಗಿದ್ದವು, ಆದ್ದರಿಂದ ಗೋಡೆಗೆ ಅಂಟಿಸುವ ಹಾಳೆಗಳನ್ನೆಲ್ಲ ಅವಳೇ ಬರೆಯುತ್ತಿದ್ದಳು.

ಮೊದಲ ವಾರ ಬರಲನ್ನು ಎಲ್ಲರೆದುರು ಮುರಿದು ಕಿಟಕಿಯಿಂದ ಹೊರಗೆಸೆದೆ. ಚಪ್ಪಾಳೆ ಬರಬಹುದು ಎಂದುಕೊಂಡಿದ್ದೆ. ಮಕ್ಕಳು ಅನುಮಾನದಿಂದ ನೋಡಿದರು. "ಇನ್ನು ಮುಂದ ನಿಯಮ ನೀವ ಮಾಡ್ರಿ" ಎಂದೆ. ಅರ್ಧ ತಾಸಿನಲ್ಲಿ ಮೂವತ್ತೊಂದು ನಿಯಮ ಮಾಡಿದರು, ಓದಿ ನನಗೇ ನಡುಕ ಬಂತು. ಮಾತಾಡಿದವರಿಗೆ ಹತ್ತು ಏಟು, ಪೆನ್ಸಿಲ್ ಕದ್ದವರಿಗೆ ಇಪ್ಪತ್ತು, ಅತ್ತವರಿಗೆ ಮತ್ತೆ ಐದು. ನಾನು ಇಷ್ಟು ವರ್ಷ ಬಡಿದದ್ದು ಎಷ್ಟು ಸೌಮ್ಯವಾಗಿತ್ತೆಂದು ಆಗ ತಿಳಿಯಿತು. ಏಟುಗಳನ್ನೆಲ್ಲ ಹೊಡೆದು ಹಾಕಿ ನಾಲ್ಕು ನಿಯಮ ಉಳಿಸಿದೆವು. ಯಾರೇ ಮುರಿದರೂ ಶನಿವಾರದ ಖೋಖೋ ಇಡೀ ತರಗತಿಗೆ ಬಂದ್. ಒಬ್ಬರು ತಪ್ಪದಂತೆ ಇನ್ನೊಬ್ಬರು ನೋಡಿಕೊಳ್ಳಬೇಕು ಎಂಬುದು ಅದರ ಒಳಗಿನ ವಿಚಾರ. ಯಾವುದಾದರೂ ತಂಟೆ ಬಂದರೆ ಶನಿವಾರ ಬೆಳಿಗ್ಗೆ ಸಭೆ, ಕೈ ಎತ್ತಿ ತೀರ್ಮಾನ.

ಆಗ ಎರಡನೆಯ ಸಾಲಿನಿಂದ ಒಬ್ಬಳು ಎದ್ದಳು. ಗೌತಮಿ. ಊರಾಚೆಯ ಓಣಿಯವಳು, ಬೌದ್ಧರ ಮನೆಯ ಹುಡುಗಿ. ಅಪ್ಪ ಅವ್ವ ಸೊಲ್ಲಾಪುರದ ಕಡೆ ಕೆಲಸಕ್ಕಿದ್ದರು, ಇವಳು ಅಜ್ಜಿಯ ಜೊತೆ ಇಲ್ಲೇ ಇದ್ದಳು.

"ಟೀಚರ್ರಿ, ನೀವು ಲೇಟ ಬಂದ್ರ?"

"ನನಗೂ ನಿಯಮ ಐತಿ."

"ನಿಮಗ ಖೋಖೋ ಆಡಾಕ ಬರೂದಿಲ್ಲಲ್ರಿ. ಬಂದ್ ಮಾಡಿದ್ರ ನಿಮಗೇನು ಆಗ್ತದ?"

ತರಗತಿ ಬಿದ್ದು ಬಿದ್ದು ನಕ್ಕಿತು. ಕೊನೆಗೆ, ನಾನು ತಡವಾಗಿ ಬಂದರೆ ಬೋರ್ಡಿನ ಮೇಲೆ ಹತ್ತು ಸಲ "ನಾಳೆ ಬೇಗ ಬರುತ್ತೇನೆ" ಎಂದು ಬರೆಯಬೇಕು ಎಂದಾಯಿತು. ಇಂಡಿಯ ಬಸ್ಸಿನ ಕೃಪೆಯಿಂದ ಮೂರನೆಯ ದಿನವೇ ಬರೆಯುತ್ತ ನಿಂತಿದ್ದೆ. ಹೆಡ್‌ಮಾಸ್ತರ್ ಬಿರಾದಾರ ಸರ್ ಬಾಗಿಲಲ್ಲಿ ಬಂದು ನಿಂತರು. ನಿವೃತ್ತಿಗೆ ಒಂದು ವರ್ಷವೂ ಇರಲಿಲ್ಲ ಅವರಿಗೆ. ಆ ವರ್ಷವನ್ನು ತುಂಬಿದ ಬಿಂದಿಗೆಯಂತೆ ಅಲುಗಾಡದೆ ಹೊತ್ತುಕೊಂಡು ಓಡಾಡುತ್ತಿದ್ದರು.

"ಏನ್ ನಡಸೀರಿ ಅಕ್ಕೋರ?"

"ನನಗ ಶಿಕ್ಷೆ ಆಗೇದ್ರಿ ಸರ್."

"ಯಾರು ಕೊಟ್ರು?"

"ಇವರ ಕೊಟ್ಟಾರ್ರಿ."

ಅವರು ಹುಬ್ಬೇರಿಸಿ ಬೋರ್ಡು ಓದಿದರು. "ಏಳನೇ ಸಾಲಿನಾಗ 'ನಾಳೆ' ಬಿಟ್ಟೀರಿ ನೋಡ್ರಿ," ಎಂದು ಹೋದರು. ಮಕ್ಕಳು ಅದನ್ನೂ ಬರೆಸಿದರು.

ಆ ಮೂರು ತಿಂಗಳು ನನ್ನ ವೃತ್ತಿಯ ಅತ್ಯಂತ ಸುಖದ ದಿನಗಳು. ಗದ್ದಲ ಎದ್ದರೆ ಯಾರಾದರೂ "ಖೋಖೋ ಹೋಗ್ತೇತಿ ನೋಡ್ರಲೇ" ಎನ್ನುತ್ತಿದ್ದರು, ತಾನೇ ಅಡಗುತ್ತಿತ್ತು. ಗೋಡೆಯ ಮೇಲೆ ಪಾಳಿ ಪಟ್ಟಿ ಹಾಕಿದ್ದೆವು. ಗಂಟೆ ಹೊಡೆಯುವುದು, ಹಾಜರಿ ಪುಸ್ತಕ ತರುವುದು, ಗಿಡಕ್ಕೆ ನೀರು, ಬೋರ್ಡು ಒರೆಸುವುದು, ಬಿಸಿಯೂಟ ಬಡಿಸುವುದು, ಕಸ ಹೊಡೆಯುವುದು, ಊಟದ ಕಟ್ಟೆ ತೊಳೆಯುವುದು. ವಾರವಾರಕ್ಕೆ ಹೆಸರುಗಳು, ಕೆಂಪು ನೀಲಿ ಶಾಯಿ, ಸುತ್ತ ಬಳ್ಳಿಯ ಚಿತ್ತಾರ, ವಿಜ್ಜಿಯ ಮುದ್ದು ಅಕ್ಷರ. ಪಟ್ಟಿ ಹಾಕಿದ ದಿನದ ನನ್ನ ಡೈರಿಯಲ್ಲಿ ಹೀಗಿದೆ: "ಮಕ್ಕಳೇ ಹಂಚಿಕೊಂಡರು. ಒಂದೂ ಜಗಳವಿಲ್ಲ!" ಕೊನೆಯ ಆ ಆಶ್ಚರ್ಯಚಿಹ್ನೆಯನ್ನು ನೋಡಿದಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ನಲವತ್ತು ಮಕ್ಕಳು ಕಸಬರಿಗೆಯನ್ನೂ ಗಂಟೆಯನ್ನೂ ಜಗಳವಿಲ್ಲದೆ ಹಂಚಿಕೊಂಡರೆ, ತುಸು ಬುದ್ಧಿ ಇದ್ದವರು ಅನುಮಾನಪಡಬೇಕು. ನಾನು ಸಂಭ್ರಮಪಟ್ಟೆ. ಸಾಲೋಟಗಿಯಿಂದ, ಅಗರಖೇಡದಿಂದ ಪರಿಚಯದ ಟೀಚರುಗಳು ಬಂದು ಪಟ್ಟಿ ನೋಡಿ ಬರೆದುಕೊಂಡು ಹೋದರು. ತಾಲೂಕಿನಿಂದ ಬಂದ ಅಧಿಕಾರಿಯೊಬ್ಬರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಬಿರಾದಾರ ಸರ್ ಮಾತ್ರ ತಮ್ಮದೇ ರೀತಿಯಲ್ಲಿ ಮೆಚ್ಚಿದರು. "ಚಲೋ ಆತು ಅಕ್ಕೋರ. ಹುಡುಗೂರ ಮಾಡ್ಯಾವ ಅಂದ್ರ, ನಾಳೆ ತಪ್ಪು ಬಂದ್ರೂ ನಮ್ಮ ತಲಿಮ್ಯಾಲ ಬರೂದಿಲ್ಲ."

ಒಂದು ಗುರುವಾರ ಬಿಸಿಯೂಟದ ಹೊತ್ತಿಗೆ ಗೌತಮಿ ಸೌಟು ಕೈಗೆತ್ತಿಕೊಂಡಳು. ಅವಳ ಪಾಳಿಯಲ್ಲ. ಅಡುಗೆಯ ಶಾಂತವ್ವ, "ಏ ಪೋರಿ, ಇಡ ಅದನ್ನ" ಎನ್ನುವುದರೊಳಗೆ ಎರಡು ತಟ್ಟೆಗೆ ಸಾರು ಬಿದ್ದಾಗಿತ್ತು. ಅದೇ ಗಳಿಗೆಯಲ್ಲಿ ಸಾಲಿನಲ್ಲಿದ್ದ ಹದಿನಾಲ್ಕು ಮಕ್ಕಳಿಗೆ ಒಟ್ಟಿಗೇ ಹೊಟ್ಟೆನೋವು ಬಂತು. ತಟ್ಟೆ ಬೋರಲು ಹಾಕಿ ಮನೆಗೆ ಓಡಿದರು. ಯಾವ ಸಾಂಕ್ರಾಮಿಕ ರೋಗವೂ ಅಷ್ಟು ಬೇಗ ಹರಡಿದ್ದನ್ನು ನಾನು ಕಂಡಿಲ್ಲ.

ಶನಿವಾರ ಸಭೆ ಸೇರಿತು. ಅಪರಾಧ, ಪಾಳಿ ಮುರಿದದ್ದು. ಹಾಗಾಗಿ ಇಡೀ ತರಗತಿಗೆ ಖೋಖೋ ಬಂದ್. ಅದರ ಸಿಟ್ಟು ಪೂರ್ತಿ ಅವಳ ಮೇಲೆ.

"ಯಾಕ ಮಾಡಿದಿ ಗೌತಮಿ?" ಎಂದೆ.

"ಮೂರ ತಿಂಗಳಾತ್ರಿ. ಬಡಿಸೂ ಪಾಳಿ ನನಗ ಒಮ್ಮಿನೂ ಬಂದಿಲ್ಲ."

"ಬರ್ತದ, ತಡಿ."

"ಎಂದ ಬರ್ತದ್ರಿ? ಪಟ್ಟಿ ನೋಡ್ರಿ ಟೀಚರ್ರಿ. ನಮ್ಮ ಓಣ್ಯಾಗಿನವ್ರು ಐದ ಮಂದಿ ಅದೇವಿ. ವಾರಾ ವಾರಾ ಕಸ, ಇಲ್ಲಾಂದ್ರ ಕಟ್ಟಿ ತೊಳಿಯೂದು. ಪಟ್ಟಿ ಮುಗಿಯೂತನಕ ನೋಡೇನಿ, ಮಾರ್ಚ್‌ತನಕ ಅದ ಐತಿ."

ತಿರುಗಿ ನೋಡಿದೆ. ದಿನಾ ಅದಕ್ಕೆ ಬೆನ್ನು ಮಾಡಿ ಪಾಠ ಹೇಳುತ್ತಿದ್ದ ಗೋಡೆ. ಕೆಂಪು ಶಾಯಿ, ನೀಲಿ ಶಾಯಿ, ಬಳ್ಳಿ. ಐದು ಹೆಸರುಗಳು ಎರಡೇ ಕೆಲಸಗಳ ನಡುವೆ ಗಡಿಯಾರದ ಲೋಲಕದಂತೆ ಅತ್ತ ಇತ್ತ ಓಡಾಡುತ್ತಿದ್ದವು. ಗಂಟೆಯ ಹತ್ತಿರ ಒಂದೂ ಸುಳಿದಿರಲಿಲ್ಲ, ಸೌಟಿನ ಹತ್ತಿರ ಒಂದೂ ಇರಲಿಲ್ಲ.

ನನ್ನ ನೆನಪಿನ ಪ್ರಕಾರ ನಾನು ಆ ಕ್ಷಣ ಎದ್ದು ಪಟ್ಟಿಯನ್ನು ಹರಿದು ಹಾಕಿದೆ. ಅದರ ಸದ್ದೂ ಕೇಳಿಸುತ್ತದೆ ನನಗೆ. ಎಷ್ಟೋ ಜನರಿಗೆ ಹಾಗೆಂದೇ ಹೇಳಿದ್ದೇನೆ. ಆದರೆ ಡೈರಿಯಲ್ಲಿ ಬೇರೆ ಇದೆ: "ಪಟ್ಟಿಯ ವಿಷಯ ಸೋಮವಾರ ನೋಡೋಣ ಎಂದೆ. ನಿಯಮ ನಿಯಮವೇ. ಕೈ ಎತ್ತಿಸಿದೆ. ಗೌತಮಿಯದು ತಪ್ಪು ಎಂದು ಬಹುಮತ. ಪ್ರಜಾಸತ್ತೆಯ ಒಳ್ಳೆಯ ಪಾಠ." ಹೌದು, ಹೀಗೇ ಬರೆದಿದ್ದೇನೆ, ನನ್ನದೇ ಕೈಯಿಂದ. ಅವಳ ಪಕ್ಕದಲ್ಲಿ ಕೂರುವ ಗೆಳತಿಯೂ ಕೈ ಎತ್ತಿದಳು. ಅವಳದೇ ಓಣಿಯ ಒಬ್ಬನೂ ಖೋಖೋದ ಸಿಟ್ಟಿಗೆ ಎತ್ತಿದ. ವಿಜ್ಜಿ ಎತ್ತಿದಳು, ಎಣಿಸಿ ಬರೆದುಕೊಂಡಳು.

ಸೋಮವಾರ ಗೌತಮಿ ಬರಲಿಲ್ಲ. ಮಂಗಳವಾರವೂ ಇಲ್ಲ. ಸೊಲ್ಲಾಪುರಕ್ಕೆ, ಅವ್ವನ ಹತ್ತಿರ ಕೆಲಸಕ್ಕೆ ಕಳಿಸುತ್ತಾರಂತೆ ಎಂದು ತರಗತಿಯಲ್ಲಿ ಸುದ್ದಿ. ಹದಿಮೂರು ವರ್ಷದ, ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ. ಆ ಸಂಜೆ ನಾನು ಅವರ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಗಂಟು ಕಟ್ಟಿಟ್ಟ ಬಟ್ಟೆ. ಅಜ್ಜಿ ಬಾಗಿಲಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದಳು. ಕೂಡ್ರಿ ಎನ್ನಲಿಲ್ಲ. ನಾನೇ ಕೂತೆ.

"ಒಂದ ಸೌಟಿನ ಸಲುವಾಗಿ ಸಾಲಿ ಬಿಡಸ್ತೀರೇನ ಆಯಿ?" ಎಂದೆ. ಈಗ ನೆನೆದರೆ, ಎಂಥ ಮಾತು ಅದು!

ಮುದುಕಿ ಮೊರ ಕೆಳಗಿಟ್ಟಳು. "ಸೌಟಿನ ಸಲುವಾಗಿ ಅಲ್ರಿ ಬಾಯಾರ. ನಮ್ಮ ಕೈಯಾಗಿನ ಸೌಟು ಕಸಗೊಳ್ಳೂದು ಹೊಸಾದಲ್ಲ. ನೀವು ಕೈ ಎತ್ತಸಿದ್ರಿ ನೋಡ್ರಿ, ಅದಕ್ಕ. ಬಡದಿದ್ರ ನಾಕ ಏಟು ತಿಂದು ಬರ್ತಿದ್ಲು, ನಾ ಎಣ್ಣಿ ಹಚ್ಚತಿದ್ದೆ. ಅಷ್ಟು ಹುಡುಗೂರು ಕೈ ಎತ್ಯಾರ, ಅದಕ್ಕ ಎಲ್ಲಿ ಹಚ್ಚಲಿ ಎಣ್ಣಿ?"

"ತಪ್ಪು ನಂದ ಆಯಿ. ಆಕಿನ್ನ ಕಳಿಸಿಕೊಡ್ರಿ, ಪಟ್ಟಿ ತಗದು ಹಾಕ್ತೇನಿ," ಎಂದೆ.

"ತಗದ ಮ್ಯಾಲ ಹೇಳ್ರಿ. ಕಳಿಸೂ ವಿಚಾರ ಆಮ್ಯಾಲ ಮಾಡ್ತೇನಿ."

ಮರುದಿನ ಬಿರಾದಾರ ಸರ್ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಧೈರ್ಯವಂತರಲ್ಲ, ತಾವು ಧೈರ್ಯವಂತರೆಂದು ಎಂದೂ ಹೇಳಿಕೊಂಡವರೂ ಅಲ್ಲ. ಮುಖ ಸಣ್ಣಗೆ ಮಾಡಿಕೊಂಡು ಕೇಳಿದರು, "ಆ ಹುಡುಗಿ ಮನಿಯವ್ರು ಮ್ಯಾಲ ಅರ್ಜಿ ಕೊಟ್ರ ನನ್ನ ಪೆನ್ಶನ್ ಏನಾಗ್ತದ್ರಿ?"

"ನಿಲ್ಲಬಹುದ್ರಿ ಸರ್," ಎಂದೆ. ನನಗೆ ಗೊತ್ತಿರಲಿಲ್ಲ. ಸುಳ್ಳೆಂದೇ ಇಟ್ಟುಕೊಳ್ಳಿ.

"ಹಂಗಾದ್ರ ಪಟ್ಟಿ ಬದಲ ಮಾಡ್ರಿ. ಇವತ್ತ ಮಾಡ್ರಿ. ಈಗ ಮಾಡ್ರಿ."

ಈ ಸಲ ಹಾಜರಿ ಪುಸ್ತಕದ ಕ್ರಮದಲ್ಲಿ ಹೆಸರು ಹಾಕಿದೆ. ಎಲ್ಲರಿಗೂ ಎಲ್ಲ ಕೆಲಸ, ಕೊನೆಯಲ್ಲಿ ನನ್ನ ಹೆಸರೂ ಇತ್ತು. ಕೈ ಎತ್ತಿಸಲಿಲ್ಲ. ಕೇಳಿದ್ದರೆ ಬಹುಮತದಲ್ಲಿ ಪಟ್ಟಿ ಬಿದ್ದುಹೋಗುತ್ತಿತ್ತು. ಆ ಹಾಳೆಯನ್ನು ಮಡಚಿಕೊಂಡು ಮತ್ತೆ ಆ ಮನೆಗೆ ಹೋದೆ. ಅಜ್ಜಿಗೆ ಓದು ಬಾರದು. ಗೌತಮಿಯೇ ಬೆರಳಿಟ್ಟು ಕೊನೆಯತನಕ ಓದಿ, "ನಿಮ್ಮ ಹೆಸರು ಕಟ್ಟಿ ತೊಳಿಯೂದರಾಗ ಬಂದೇತ್ರಿ," ಎಂದಳು. ಒಂದು ವಾರ ಬಿಟ್ಟು ಬಂದಳು. ಒಟ್ಟು ಒಂಬತ್ತು ದಿನ ತಪ್ಪಿಸಿದ್ದಳು ಎಂದು ನನ್ನ ನೆನಪು, ಡೈರಿ ಹನ್ನೊಂದು ಎನ್ನುತ್ತದೆ.

ಅವಳ ಬಡಿಸುವ ಪಾಳಿ ಬಂದ ದಿನ ಬಿರಾದಾರ ಸರ್ ತಮ್ಮ ಮನೆಯ ಡಬ್ಬಿಯನ್ನು ಆಫೀಸಿನಲ್ಲೇ ಬಿಟ್ಟು, ಸಾಲಿನ ತುದಿಗೆ ಬಂದು ಕೆಳಗೆ ಕೂತು ತಟ್ಟೆ ಮುಂದೆ ಮಾಡಿದರು. ಮೊಣಕಾಲು ನೋವು, ಕೂರಲು ಇಬ್ಬರು ಹಿಡಿಯಬೇಕಾಯಿತು. "ಗಟ್ಟಿ ಗಟ್ಟಿ ಹಾಕವಾ, ಬರೇ ನೀರು ಹಾಕಬ್ಯಾಡ," ಎಂದರು. ಅದು ಪೆನ್ಶನ್ನಿನ ಭಯವೋ, ಮತ್ತೇನಾದರೂ ಒಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನವೂ ಕೆಲವರಿಗೆ ಹೊಟ್ಟೆನೋವು ಬಂತು. ಯಾರೋ ದಾನಿಗಳ ಹೆಸರಲ್ಲಿ ಶಾಂತವ್ವ ಸಿಹಿ ಗೋಧಿ ಹುಗ್ಗಿ ಮಾಡಿದ ದಿನ ಬಹುತೇಕರು ವಾಸಿಯಾದರು. ಇಬ್ಬರಿಗೆ ವರ್ಷದ ಕೊನೆಯವರೆಗೂ ವಾಸಿಯಾಗಲಿಲ್ಲ. ನಾನು ಬಲವಂತ ಮಾಡಲಿಲ್ಲ. ಮಾಡಬೇಕಿತ್ತೇ? ಈ ಪ್ರಶ್ನೆಯನ್ನು ಡೈರಿಯಲ್ಲಿ ನಾಲ್ಕು ಕಡೆ ಬರೆದಿದ್ದೇನೆ, ನಾಲ್ಕು ಕಡೆಯೂ ಬೇರೆ ಬೇರೆ ಉತ್ತರ ಇದೆ. ಗೌತಮಿ ಏಳನೆಯದನ್ನು ಮುಗಿಸಿ ಹೈಸ್ಕೂಲಿಗೆ ಹೋದಳು. ಆಮೇಲೆ ಅವರ ಮನೆಯವರೆಲ್ಲ ಸೊಲ್ಲಾಪುರಕ್ಕೇ ಹೋಗಿ ನೆಲೆಸಿದರು. ನನ್ನನ್ನು ಕ್ಷಮಿಸಿದಳೇ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಇಷ್ಟೇ ಹೇಳಬಲ್ಲೆ. ಹೊಣೆಯನ್ನು ಮಕ್ಕಳ ಜೊತೆ ಹಂಚಿಕೊಳ್ಳಿ, ಅದು ಬರಲಿಗಿಂತ ಎಷ್ಟೋ ಮೇಲು. ಆದರೆ ಮಕ್ಕಳು ಶಾಲೆಗೆ ಬರುವಾಗ ಪಾಟೀಚೀಲದ ಜೊತೆ ಊರನ್ನೂ ಹೊತ್ತುಕೊಂಡು ಬಂದಿರುತ್ತಾರೆ. ಗೋಡೆಗೆ ಅಂಟಿಸಿದ್ದನ್ನು ವಾರಕ್ಕೊಮ್ಮೆಯಾದರೂ ತಿರುಗಿ ನಿಂತು ಓದಿ. ಒಬ್ಬಳ ವಿರುದ್ಧ ಎಂದೂ ಕೈ ಎತ್ತಿಸಬೇಡಿ. ಮತ್ತು ಜಗಳವಿಲ್ಲದೆ ಮುಗಿದ ಕೆಲಸವಿದ್ದರೆ, ಅದರಲ್ಲಿ ಯಾರು ಮಾತಾಡಲಿಲ್ಲ ಎಂದು ನೋಡಿ.

ಇಲ್ಲಿಗೆ ಮುಗಿಸಿದ್ದೆ. ಹೋದ ಭಾನುವಾರ ವಿಜ್ಜಿಗೆ ಫೋನಿನಲ್ಲಿ ಓದಿ ಹೇಳಿದೆ. ಬಿರಾದಾರ ಸರ್ ಮೊಣಕಾಲಿಗೆ ನಕ್ಕಳು. ಅಜ್ಜಿಯ ಮಾತನ್ನು ಇನ್ನೊಮ್ಮೆ ಓದಿಸಿದಳು. ಮುಗಿದ ಮೇಲೆ ಹೇಳಿದಳು.

"ಚಿಗವ್ವ, ಎಲ್ಲಾ ಖರೇ ಬರದಿ. ಒಂದ ತಪ್ಪೈತಿ. ಆ ಪಟ್ಟಿ ನಾವು ಹಂಚಿಕೊಂಡು ಮಾಡಿದ್ದಲ್ಲ. ನೀ ಖಿಡಕಿ ಬಾಜೂಕ ನಿಂತು ಹೆಸರ ಹೇಳಿದಿ, ನಾ ಬರಕೊಂಡೆ."

ನನ್ನ ನೆನಪಿನಲ್ಲಿ ನಾನು ಆ ಹೊತ್ತು ಮೇಜಿನ ಮುಂದೆ ಕೂತು ನೋಟ್‌ಬುಕ್ ತಿದ್ದುತ್ತಿದ್ದೆ, ಮಕ್ಕಳು ಗುಂಪಾಗಿ ನೆಲದ ಮೇಲೆ ಹಾಳೆ ಹಾಸಿಕೊಂಡು ಮಾತಾಡುತ್ತಿದ್ದರು. ಡೈರಿಯಲ್ಲಿ ಆ ಒಂದು ಸಾಲು, ಆ ಆಶ್ಚರ್ಯಚಿಹ್ನೆ, ಅದರಾಚೆ ಏನೂ ಇಲ್ಲ.

"ಎಲ್ಲಾರ ಹೆಸರೂ ನಾ ಹೇಳಿದ್ನೇನ ವಿಜ್ಜಿ, ಇಲ್ಲಾ ಆ ಐದ ಹೆಸರಷ್ಟ ಹೇಳಿದ್ನೇನ?" ಎಂದು ಕೇಳಿದೆ.

ಒಲೆಯ ಮೇಲೆ ಹಾಲಿಟ್ಟೇನಿ, ಆಮೇಲೆ ಮಾಡ್ತೇನಿ ಎಂದು ಫೋನಿಟ್ಟಳು. ಅದಾಗಿ ಎಂಟು ದಿನವಾಯಿತು. ನಡುವೆ ಎರಡು ಸಲ ಮಾತಾಡಿದ್ದಾಳೆ. ಮಕ್ಕಳ ಗದ್ದಲ, ತಂಗಡಗಿಯ ಬಸ್ಸು, ಬಾಡಿಗೆ ಮನೆಯ ನೀರಿನ ತೊಂದರೆ ಎಲ್ಲ ಹೇಳಿದಳು. ನಾನು ಕೇಳಿದ್ದಕ್ಕೆ ಉತ್ತರ ಹೇಳಿಲ್ಲ.